ದಾಳದ ಲೆಕ್ಕವನ್ನರಿತ ಕಾರ್ಡಾನೊ

ನಳೋಪಾಖ್ಯಾನವನ್ನು ಓದಿದವರಿಗೆ ಋತುಪರ್ಣನ ನೆನಪಿರಬೇಕು. ತಾರೆಯ ಮರದ ಎಲೆಗಳನ್ನೂ ಹಣ್ಣುಗಳನ್ನೂ ರಥದಲ್ಲಿ ಕುಳಿತೇ ಎಣಿಸಿದ ಆ ರಾಜನು ನಳನಿಗೆ ಅಕ್ಷಹೃದಯವನ್ನು ಉಪದೇಶಿಸಿದನು. ಎಣಿಕೆಗೂ ದಾಳಕ್ಕೂ ನಂಟುಂಟೆಂಬುದನ್ನು ನಮ್ಮ ಪ್ರಾಚೀನರು ಕಥೆಯಾಗಿ ಹೇಳಿದರು. ಅದನ್ನು ಗಣಿತವಾಗಿ ಬರೆದಿಟ್ಟವರಲ್ಲಿ ಮೊದಲಿಗನೆಂದು ಹೆಸರಾದವನು ಇಟಲಿಯ ಜಿರೋಲಾಮೊ ಕಾರ್ಡಾನೊ.

ಕಾರ್ಡಾನೊ 1501ರಲ್ಲಿ ಪಾವಿಯಾ ನಗರದಲ್ಲಿ ಜನಿಸಿದನು. ತಂದೆ ಫಾಝಿಯೊ ನ್ಯಾಯಶಾಸ್ತ್ರವನ್ನೂ ಗಣಿತವನ್ನೂ ಬಲ್ಲವನು; ಲಿಯೊನಾರ್ಡೊ ಡ ವಿಂಚಿಯ ಪರಿಚಿತ. ಮಗ ಹುಟ್ಟಿದಾಗ ತಂದೆತಾಯಿಗಳಿಗೆ ವಿವಾಹವಾಗಿರಲಿಲ್ಲ. ಈ ಕಾರಣವನ್ನು ಮುಂದಿಟ್ಟು ಮಿಲಾನಿನ ವೈದ್ಯಸಂಘವು 1539ರವರೆಗೂ ಆತನಿಗೆ ಬಾಗಿಲು ತೆರೆಯಲಿಲ್ಲ. ವಿದ್ಯಾರ್ಥಿದೆಸೆಯಲ್ಲೇ ಅಂಟಿದ ಜೂಜು ಆ ಬಡತನದಲ್ಲಿ ಇನ್ನಷ್ಟು ಬಿಗಿಯಾಯಿತು. ಹೆಂಡತಿಯ ಒಡವೆಗಳೂ ಮನೆಯ ಸಾಮಾನುಗಳೂ ಪಣಕ್ಕೆ ಹೋದುವು. ಸಂಸಾರವು ನಿರ್ಗತಿಕರ ಆಶ್ರಯದಲ್ಲಿ ಕಾಲ ಕಳೆಯಬೇಕಾಯಿತು.

ಇಷ್ಟು ನಷ್ಟದ ನಡುವೆ ಕಾರ್ಡಾನೊ ಕಲಿತದ್ದು ಎಣಿಸುವುದನ್ನು. ದಾಳದಾಟವನ್ನು ಕುರಿತ ತನ್ನ ಲ್ಯಾಟಿನ್ ಗ್ರಂಥದಲ್ಲಿ ಆತನು ಎರಡು ದಾಳಗಳು ಬೀಳಬಹುದಾದ ಬಗೆಗಳು 36, ಮೂರು ದಾಳಗಳಿಗಾದರೆ 216 ಎಂದು ಗಣಿಸಿದನು. ಎರಡು ದಾಳಗಳಲ್ಲಿ ಒಂದರಲ್ಲಾದರೂ ಬೇಕಾದ ಮುಖ ಬೀಳುವ ಬಗೆಗಳು 12 ಅಲ್ಲ, 11. ಎರಡರಲ್ಲೂ ಅದೇ ಮುಖ ಬೀಳುವುದನ್ನು ಎರಡು ಸಲ ಎಣಿಸಬಾರದಷ್ಟೆ. ಮತ್ತೆ ಮತ್ತೆ ಎಸೆದಾಗಿನ ಲೆಕ್ಕದಲ್ಲಿ ಮೊದಲು ಎಡವಿ, ಅನಂತರ ಗುಣಾಕಾರದ ನಿಯಮವನ್ನು ಕಂಡುಕೊಂಡನು. ತಪ್ಪಿದ ಲೆಕ್ಕವನ್ನೂ ಗ್ರಂಥದಲ್ಲಿ ಹಾಗೆಯೇ ಉಳಿಸಿದನು. ಆಡುವವರ ಸ್ಥಿತಿ, ಹಣ, ದಾಳ ಎಲ್ಲವೂ ಸಮವಾಗಿರಬೇಕೆಂಬುದು ಆತನ ಮೂಲಸೂತ್ರ.

ಈ ಲೆಕ್ಕ ಇಂದಿಗೂ ಹಳತಾಗಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ತಾವೇ ಹೆಣೆದ ಅದ್ಭುತಕಥೆಯೊಂದನ್ನು ಆಟವಾಗಿ ಆಡುತ್ತಾರೆ. ಒಬ್ಬ ವೀರ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ. ಕಳ್ಳನು ಕೋಟೆಯ ಗೋಡೆ ಹತ್ತಬೇಕಾದರೆ ಎರಡು ದಾಳಗಳ ಮೊತ್ತ 7 ಅಥವಾ ಹೆಚ್ಚಾಗಬೇಕು. ಪಳಗಿದ ಕಳ್ಳನಿಗೆ ಒಂದು ಅಂಕ ಅಧಿಕ. ಆ ಒಂದು ಅಂಕದ ಬೆಲೆ ಎಷ್ಟೆಂದು ಅವರು ನನ್ನನ್ನು ಕೇಳಿದರು. ನಾನು ಕಾರ್ಡಾನೊನ ರೀತಿಯಲ್ಲಿ ಎಣಿಸಿ ತೋರಿಸಿದೆನು. 7 ಬೇಕಾದಲ್ಲಿ 36ರಲ್ಲಿ 21 ಇದ್ದ ಗೆಲುವು 26 ಆಗುತ್ತದೆ. 10 ಬೇಕಾದ ಕಠಿಣ ಕಾರ್ಯದಲ್ಲಿ 6 ಇದ್ದದ್ದು 10 ಆಗುತ್ತದೆ. ಸಾಧಾರಣ ಕಾರ್ಯಕ್ಕೆ ಅಷ್ಟಾಗಿ ಒದಗದ ನೈಪುಣ್ಯವು ಕಠಿಣ ಕಾರ್ಯದಲ್ಲಿ ಗೆಲುವನ್ನು ಇಮ್ಮಡಿಯ ಸಮೀಪಕ್ಕೆ ಒಯ್ಯುತ್ತದೆ. ಒಂದೇ ದಾಳವಾದರೆ ಒಂದು ಅಂಕಕ್ಕೆ ಸಿಕ್ಕುವುದು ಎಲ್ಲೆಲ್ಲೂ ಒಂದೇ ಮುಖ. ಆಟ ಕಟ್ಟುವವನ ವಿವೇಕವಿರುವುದು ಈ ಆಯ್ಕೆಯಲ್ಲಿ.

ಮುಂದೆ ಕಾರ್ಡಾನೊನಿಗೆ ಕೀರ್ತಿ ಬಂದಿತು. 1545ರಲ್ಲಿ ಬೀಜಗಣಿತದ ಮಹಾಗ್ರಂಥ ‘ಆರ್ಸ್ ಮ್ಯಾಗ್ನಾ’ ಪ್ರಕಟವಾಯಿತು. 1552ರಲ್ಲಿ ಆತನು ಸ್ಕಾಟ್ಲೆಂಡಿನ ಆರ್ಚ್‌ಬಿಷಪ್ಪನ ಚಿಕಿತ್ಸೆಗೆ ಹೋದನು. ಆದರೆ 1560ರಲ್ಲಿ, ಹೆಂಡತಿಗೆ ವಿಷವಿಕ್ಕಿದ ಅಪರಾಧಕ್ಕಾಗಿ ಹಿರಿಯ ಮಗನ ಶಿರಚ್ಛೇದವಾಯಿತು. ತಂದೆಯ ಪ್ರಯತ್ನವೆಲ್ಲ ವ್ಯರ್ಥವಾಯಿತು. 1570ರಲ್ಲಿ ಧರ್ಮವಿರೋಧದ ಆರೋಪದ ಮೇಲೆ ತಾನೇ ಬಂಧನಕ್ಕೊಳಗಾಗಿ, ಕೆಲವು ತಿಂಗಳ ಅನಂತರ ಬಿಡುಗಡೆ ಹೊಂದಿ, 1576ರಲ್ಲಿ ರೋಮಿನಲ್ಲಿ ತೀರಿಕೊಂಡನು. ದಾಳದ ಗ್ರಂಥ ಅಚ್ಚಾದದ್ದು 1663ರಲ್ಲಿ. ಅಷ್ಟರಲ್ಲಿ, 1654ರಲ್ಲೇ, ಪಾಸ್ಕಲ್ ಮತ್ತು ಫರ್ಮಾ ತಮ್ಮ ಪತ್ರಗಳಲ್ಲಿ ಈ ಶಾಸ್ತ್ರಕ್ಕೆ ಬೇರೆಯೇ ಅಡಿಪಾಯ ಹಾಕಿದ್ದರು.

ಅಕ್ಷಹೃದಯವನ್ನರಿತ ನಳನಿಗೆ ರಾಜ್ಯ ಮರಳಿತು. ಕಾರ್ಡಾನೊನಿಗೆ ಮಗ ಮರಳಲಿಲ್ಲ. ಇದರಿಂದ ಆತನ ವಿದ್ಯೆ ಸುಳ್ಳೆಂದು ನಾನು ಭಾವಿಸುವುದಿಲ್ಲ. ಲೆಕ್ಕವು ಹೇಳುವುದು ಅನೇಕ ಎಸೆತಗಳ ಸಂಗತಿಯನ್ನು. ಮನುಷ್ಯನ ಪಾಲಿಗೆ ಬರುವುದಾದರೋ ಹಲವು ವೇಳೆ ಒಂದೇ ಎಸೆತ.