ಮೊಸರು, ಮೆಚ್ನಿಕೋವ್ ಮತ್ತು ನಿಮ್ಮ ನಾಯಿ-ಬೆಕ್ಕಿನ ಹೊಟ್ಟೆ

ಮೊಸರಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇದೆ, ನಾಯಿಗೋ ಬೆಕ್ಕಿಗೋ ಭೇದಿಯಾದರೆ ಅದೊಂದೇ ಸಾಕು ಎಂಬ ಸಲಹೆ ನಿಮ್ಮ ಮೊಬೈಲಿಗೂ ಬಂದಿರಬಹುದು. ಈ ನಂಬಿಕೆಯ ಜಾಡು ಹಿಡಿದು ಹೋದರೆ ನಮಗೆ ಸಿಗುವವರು ಇಲ್ಯಾ ಮೆಚ್ನಿಕೋವ್.

1845ರಲ್ಲಿ ಈಗಿನ ಉಕ್ರೇನ್‌ನ ಖಾರ್ಕಿವ್ ಬಳಿ ಹುಟ್ಟಿದ ಇವರು ಪ್ರಾಣಿಶಾಸ್ತ್ರಜ್ಞ. ಮೊದಲ ಪತ್ನಿ 1873ರಲ್ಲಿ ಕ್ಷಯದಿಂದ ತೀರಿಕೊಂಡಾಗ ಪೂರ್ತಿ ಕುಸಿದಿದ್ದರು. ಚೇತರಿಸಿಕೊಂಡು ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕೂತರು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಸಣ್ಣ ಮುಳ್ಳು ಚುಚ್ಚಿಟ್ಟರು. ಮರುದಿನ ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಅಲೆದಾಡುವ ಕೋಶಗಳು ಮುತ್ತಿಕೊಂಡಿದ್ದವು. ರೋಗಾಣುಗಳನ್ನು ನುಂಗುವ ಕೋಶಗಳು ನಮ್ಮ ರಕ್ತದಲ್ಲೂ ಇವೆ ಎಂಬ ತಿಳಿವಳಿಕೆ ಬೆಳೆದದ್ದು ಇಲ್ಲಿಂದ. 1908ರಲ್ಲಿ ಪಾಲ್ ಎರ್ಲಿಕ್ ಜೊತೆ ನೊಬೆಲ್ ಬಂದದ್ದು ಈ ರೋಗನಿರೋಧಕ ಶಕ್ತಿಯ ಕೆಲಸಕ್ಕೆ. ಮೊಸರಿಗಲ್ಲ!

ಮೊಸರಿನ ಮಾತು ಬಂದದ್ದು ಪ್ಯಾರಿಸ್‌ನಲ್ಲಿ. 1888ರಿಂದ ಪಾಶ್ಚರ್ ಸಂಸ್ಥೆಯಲ್ಲಿದ್ದ ಮೆಚ್ನಿಕೋವ್‌ಗೆ ಮುಪ್ಪಿನ ಚಿಂತೆ ಹತ್ತಿತು. ದೊಡ್ಡ ಕರುಳಿನಲ್ಲಿ ಆಹಾರ ಕೊಳೆತು ಹುಟ್ಟುವ ವಿಷವೇ ಮುಪ್ಪಿಗೆ ಕಾರಣವೆಂದು ಭಾವಿಸಿದರು. ದೊಡ್ಡ ಕರುಳು ಚಿಕ್ಕದಿರುವ ಹಕ್ಕಿಗಳು ಹೆಚ್ಚು ಕಾಲ ಬದುಕುವುದನ್ನು ಸಾಕ್ಷಿಯಾಗಿ ತೋರಿಸಿದರು. ಬಲ್ಗೇರಿಯಾದ ಹಳ್ಳಿಗರ ದೀರ್ಘಾಯುಷ್ಯಕ್ಕೆ ಹುಳಿ ಹಾಲೇ ಕಾರಣವೆಂದರು. ತಾವೂ ಅದನ್ನು ತಪ್ಪದೆ ಕುಡಿದರು. 1916ರಲ್ಲಿ, 71ನೇ ವಯಸ್ಸಿನಲ್ಲಿ ಹೃದ್ರೋಗದಿಂದ ತೀರಿಕೊಂಡರು.

ಕರುಳಿನ ಸೂಕ್ಷ್ಮಜೀವಿಗಳಿಗೂ ಆರೋಗ್ಯಕ್ಕೂ ನಂಟಿದೆ ಎಂದು ಅಷ್ಟು ಮೊದಲೇ ಕಂಡದ್ದು ಅವರ ದೊಡ್ಡತನ. ಆದರೆ ಹುಳಿ ಹಾಲಿನ ಬಲ್ಗೇರಿಯನ್ ಬ್ಯಾಕ್ಟೀರಿಯಾ ಕರುಳಿನಲ್ಲಿ ನೆಲೆಯೂರುವುದಿಲ್ಲ ಎಂದು 1920ರ ದಶಕದಲ್ಲೇ ಗೊತ್ತಾಯಿತು. ಇದು ಮನುಷ್ಯರ ಕಥೆ. ಬೆಕ್ಕಂತೂ ಮಾಂಸವಿಲ್ಲದೆ ಬದುಕಲಾಗದ ಪ್ರಾಣಿ, ಅದರ ಕರುಳಿನ ಲೋಕವೇ ಬೇರೆ.

ಹಾಗಾದರೆ ಮೊಸರು ವಿಷವೇ? ಅಲ್ಲ. ಆರೋಗ್ಯವಂತ ನಾಯಿಗೆ ಒಂದು ಚಮಚ ಸಪ್ಪೆ ಮೊಸರು ಸಾಮಾನ್ಯವಾಗಿ ತೊಂದರೆ ಮಾಡದು. ಆದರೆ ಬೆಳೆದ ನಾಯಿ, ಬೆಕ್ಕುಗಳಲ್ಲಿ ಹಾಲಿನ ಸಕ್ಕರೆ ಅರಗಿಸುವ ಶಕ್ತಿ ಕಡಿಮೆ, ಹೆಚ್ಚಾದರೆ ಭೇದಿ ಜೋರಾಗಬಹುದು. ಸಿಹಿ ಹಾಕಿದ ಯೋಗರ್ಟ್ ಬೇಡವೇ ಬೇಡ: ಅದರಲ್ಲಿ ಕ್ಸೈಲಿಟಾಲ್ ಇದ್ದರೆ ನಾಯಿಯ ರಕ್ತದ ಸಕ್ಕರೆ ದಿಢೀರ್ ಕುಸಿದು ಜೀವಕ್ಕೇ ಅಪಾಯ.

ನಮಗೆ ಹೆಚ್ಚು ಭಯ ಮೊಸರಿನದಲ್ಲ, ಮೊಸರು ಕೊಟ್ಟು ಕಾಯುವುದರದು. ಲಸಿಕೆಯಾಗದ ಮರಿಗೆ ವಾಂತಿ, ರಕ್ತಭೇದಿ ಶುರುವಾದರೆ ಅದು ಪಾರ್ವೋ ಇರಬಹುದು. ಅಲ್ಲಿ ಒಂದು ದಿನ ತಡವಾದರೂ ಮರಿ ಉಳಿಯದೆ ಹೋಗಬಹುದು. ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೂ ಪಶುವೈದ್ಯರಿಗೆ ತೋರಿಸಿ, ಅದರ ಲಿವರ್‌ಗೆ ಕೊಬ್ಬು ತುಂಬಿಕೊಳ್ಳುವ ಅಪಾಯವಿದೆ. ಮನೆಯಲ್ಲಿ ಉಳಿದಿರುವ ಮೆಟ್ರೋನಿಡಜೋಲ್ ಮಾತ್ರೆ ಮುರಿದು ಹಾಕುವವರೂ ಇದ್ದಾರೆ. ಅದು ನಾಯಿಯ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ, ಅವು ಮತ್ತೆ ಮೊದಲಿನಂತಾಗಲು ವಾರಗಳೇ ಹಿಡಿಯಬಹುದು. ಪ್ರೋಬಯಾಟಿಕ್ ಬೇಕೆಂದರೆ ನಾಯಿ, ಬೆಕ್ಕಿಗೆಂದೇ ತಯಾರಾದ ಪುಡಿಗಳಿವೆ, ಯಾವುದು ಎಷ್ಟು ಎಂಬುದನ್ನು ವೈದ್ಯರೇ ಹೇಳಲಿ. ಆಹಾರ ಬದಲಿಸುವುದಿದ್ದರೆ ಹಳೆಯದಕ್ಕೆ ಹೊಸದನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪ ಹೆಚ್ಚಿಸುತ್ತಾ ಒಂದು ವಾರ ತೆಗೆದುಕೊಳ್ಳಿ.