ಸುತ್ತಿಗೆ ಹಿಡಿದ ಪಾಲ್ ರಿವಿಯರ್

ಲೋಹಗಳ ಕುಟ್ಯತೆಯನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ತಂತಿಯ ತುಂಡನ್ನು ಬಡಿದು ತೋರಿಸಿ ಪಾಠ ಮುಗಿಸುತ್ತೇವೆ. ಆ ಗುಣವನ್ನೇ ನಂಬಿ ಬದುಕಿದವರೊಬ್ಬರ ಕಥೆ ಈ ಪಾಠಕ್ಕೆ ಒಳ್ಳೆಯ ಪೀಠಿಕೆಯಾಗಬಲ್ಲದು.

ಪಾಲ್ ರಿವಿಯರ್ 1734ರ ಕೊನೆಯಲ್ಲಿ ಬ್ರಿಟಿಷ್ ಆಳ್ವಿಕೆಯ ಅಮೆರಿಕದ ಬಾಸ್ಟನ್ನಿನಲ್ಲಿ ಹುಟ್ಟಿದರು. ಫ್ರಾನ್ಸಿನಿಂದ ಬಾಲ್ಯದಲ್ಲೇ ವಲಸೆ ಬಂದಿದ್ದ ತಂದೆ ಬೆಳ್ಳಿ ಕೆಲಸಗಾರರು. ಮಗ ಸುಮಾರು 13ನೇ ವಯಸ್ಸಿಗೆ ಶಾಲೆ ಬಿಟ್ಟು ಅವರಲ್ಲೇ ಕಸುಬು ಕಲಿತರು. 1754ರಲ್ಲಿ ತಂದೆ ತೀರಿಕೊಂಡಾಗ ಅಂಗಡಿಯ ಹೊಣೆ 19ರ ತರುಣನ ಹೆಗಲಿಗೆ ಬಿತ್ತು.

ಆಗ ಅಲ್ಲಿ ಬ್ಯಾಂಕುಗಳಿರಲಿಲ್ಲ. ಉಳ್ಳವರು ಬೆಳ್ಳಿ ನಾಣ್ಯಗಳನ್ನು ಕರಗಿಸಿ ಕುಡಿಯುವ ಪಾತ್ರೆ ಮಾಡಿಸುತ್ತಿದ್ದರು. ಅದೇ ಉಳಿತಾಯ, ಅದೇ ಅಂತಸ್ತು. ಕಳುವಾದರೆ ಗುರುತಿಗೆಂದು ಹೆಸರು ಕೊರೆಸುತ್ತಿದ್ದರು.

1768ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆ ಹೊಸ ತೆರಿಗೆಗಳನ್ನು ವಿರೋಧಿಸಿ ಇತರ ವಸಾಹತುಗಳಿಗೆ ಪತ್ರ ಬರೆಯಿತು. ಅದನ್ನು ಹಿಂಪಡೆಯಬೇಕೆಂದು ಬ್ರಿಟಿಷ್ ಸರಕಾರ ಆಜ್ಞಾಪಿಸಿದಾಗ 92 ಸದಸ್ಯರು ಒಪ್ಪಲಿಲ್ಲ. ಅವರ ಗೌರವಾರ್ಥ 15 ಮಂದಿ ಸೇರಿ ರಿವಿಯರ್ ಅವರಿಂದ ಒಂದು ಬೆಳ್ಳಿ ಬೋಗುಣಿ ಮಾಡಿಸಿದರು. ಬೆಳ್ಳಿಯ ತಗಡನ್ನು ಬಡಿದರೆ ಗಡುಸಾಗುತ್ತದೆ. ಕಾಯಿಸಿದರೆ ಮತ್ತೆ ಮೆದುವಾಗುತ್ತದೆ. ಹೀಗೆ ಬಡಿದು, ಕಾಯಿಸಿ, ಬಡಿದು ಆಕಾರ ಕೊಡಬೇಕು. ಚೀನಾದ ಪಿಂಗಾಣಿ ಬಟ್ಟಲಿನಂತೆ ಸರಳವಾದ ಆ ಬೋಗುಣಿಯ ತೂಕ 45 ಔನ್ಸ್. ಹಿಡಿಯುವ ಪಾನೀಯ 45 ಗಿಲ್. ಸರಕಾರವನ್ನು ಟೀಕಿಸಿದ್ದ ಲಂಡನ್ನಿನ ಜಾನ್ ವಿಲ್ಕ್ಸ್ ಅವರ ಪತ್ರಿಕೆಯ 45ನೇ ಸಂಚಿಕೆಯ ನೆನಪು ಅದು. ತೂಕವೂ ಅಳತೆಯೂ ಪ್ರತಿಭಟನೆಯ ಭಾಷೆಯಾದವು.

ರಿವಿಯರ್ ದೋಷವಿಲ್ಲದವರಲ್ಲ. 1770ರ ಬಾಸ್ಟನ್ ಗೋಲಿಬಾರಿನ ಪ್ರಸಿದ್ಧ ಮುದ್ರಣಚಿತ್ರವನ್ನು ಅವರು ಹೆನ್ರಿ ಪೆಲ್ಹಮ್ ಅವರ ಚಿತ್ರದಿಂದ ನಕಲು ಮಾಡಿದರು. ಪೆಲ್ಹಮ್ ಹೆಸರು ಹಾಕಲಿಲ್ಲ. ಮಕ್ಕಳಿಂದ ಇದನ್ನು ಮುಚ್ಚಿಟ್ಟರೆ ನಾವು ಹೇಳುವುದು ಜೀವನಚರಿತ್ರೆಯಲ್ಲ, ಬರೀ ಹೊಗಳಿಕೆ.

1775ರ ಏಪ್ರಿಲ್ 18ರ ರಾತ್ರಿ ಬ್ರಿಟಿಷ್ ಸೈನ್ಯ ಹೊರಟಿದೆಯೆಂದು ಎಚ್ಚರಿಸಲು ಅವರು ಕುದುರೆಯೇರಿ ಹೋದರು. ಜಗತ್ತು ನೆನೆಯುವುದು ಆ ಒಂದು ರಾತ್ರಿಯನ್ನು. ಮುಂದೆ ಅವರು ಗಂಟೆಗಳನ್ನು ಎರಕ ಹೊಯ್ದರು. 1801ರಲ್ಲಿ ತಾಮ್ರದ ತಗಡಿನ ಕಾರ್ಖಾನೆ ಸ್ಥಾಪಿಸಿದರು. 1818ರಲ್ಲಿ ನಿಧನರಾದರು.

ಆ ಬೋಗುಣಿ ಇಂದು ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿದೆ. 1949ರಲ್ಲಿ ಅದನ್ನು ಕೊಳ್ಳಲು ಹಣ ಕೂಡಿಸಿದವರಲ್ಲಿ ಆ ಊರಿನ ಶಾಲಾಮಕ್ಕಳೂ ಇದ್ದರು. ಪಾಠದ ಕೊನೆಗೆ ನಮ್ಮ ಮಕ್ಕಳನ್ನು ಕೇಳಬಹುದು: ನೀವಾಗಿದ್ದರೆ ಯಾವುದಕ್ಕಾಗಿ ಕೊಡುತ್ತಿದ್ದಿರಿ, ಬೆಳ್ಳಿಗೋ, ಅದರ ಮೇಲಿನ ಬರಹಕ್ಕೋ?