ಬೆಂಕಿಪೊಟ್ಟಣದ ಮೇಲೆ ಮಿಂಚಿದ ಗೌಹರ್ ಜಾನ್ ಕೊನೆಯುಸಿರೆಳೆದದ್ದು ಮೈಸೂರಿನಲ್ಲಿ!

ಹಳೆಯ ಜಾಹೀರಾತು ಕಾರ್ಡ್, ಬೆಂಕಿಪೊಟ್ಟಣದ ಲೇಬಲ್ ಕೂಡಿಡುವ ಹವ್ಯಾಸಿಗಳಿಗೆ ಈ ಮುಖ ಚೆನ್ನಾಗಿ ಗೊತ್ತು. ನೂರು ವರ್ಷಗಳ ಹಿಂದೆ ಆಸ್ಟ್ರಿಯಾದಲ್ಲಿ ತಯಾರಾಗಿ ಭಾರತಕ್ಕೆ ಬರುತ್ತಿದ್ದ ಬೆಂಕಿಪೊಟ್ಟಣಗಳ ಮೇಲೆ, ಪಿಕ್ಚರ್ ಪೋಸ್ಟ್‌ಕಾರ್ಡ್‌ಗಳ ಮೇಲೆ ಮೈತುಂಬ ಒಡವೆ ತೊಟ್ಟು ಕಾಣಿಸಿಕೊಂಡವರು ಗೌಹರ್ ಜಾನ್. ಭಾರತದ ಮೊದಲ ಗ್ರಾಮಫೋನ್ ತಾರೆ.

ಹುಟ್ಟಿದ್ದು 1873ರ ಜೂನ್ 26ರಂದು, ಉತ್ತರ ಪ್ರದೇಶದ ಅಜಂಗಢದಲ್ಲಿ. ಮೂಲ ಹೆಸರು ಏಂಜಲಿನಾ ಯೋವರ್ಡ್. ತಂದೆ ಅರ್ಮೇನಿಯನ್ ಮೂಲದವರು. ದಂಪತಿ ಬೇರೆಯಾದ ಮೇಲೆ ತಾಯಿ ವಿಕ್ಟೋರಿಯಾ ಮಗಳೊಂದಿಗೆ ಬನಾರಸ್‌ಗೆ ಬಂದು, ಇಸ್ಲಾಂಗೆ ಮತಾಂತರವಾಗಿ ಮಲ್ಕಾ ಜಾನ್ ಆದರು. ಏಂಜಲಿನಾ, ಗೌಹರ್ ಆದಳು. ಮುಂದೆ ತಾಯಿ-ಮಗಳು ನೆಲೆಸಿದ್ದು ಕಲ್ಕತ್ತಾದಲ್ಲಿ.

1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಾದಲ್ಲಿ ಧ್ವನಿಮುದ್ರಣ ನಡೆಸಿದರು. ದೇಶದಲ್ಲಿ ಮೊದಲು ಮುದ್ರಣವಾದದ್ದು ಗೌಹರ್ ದನಿಯೇ ಎನ್ನುವುದು ಪೂರ್ತಿ ಸರಿಯಲ್ಲ. ಕೆಲವೇ ದಿನ ಮೊದಲು ಇಬ್ಬರು ರಂಗನಟಿಯರು ಹಾಡಿದ್ದರು. ಆದರೆ ಮನೆಮಾತಾದವರು ಗೌಹರ್. ಗಂಟೆಗಟ್ಟಲೆ ಹಾಡುತ್ತಿದ್ದ ಠುಮ್ರಿ, ಖಯಾಲ್‌ಗಳನ್ನು ಮೂರೇ ನಿಮಿಷಕ್ಕೆ ಹೊಂದಿಸುವುದು ಆಕೆಗೆ ಕರಗತವಾಗಿತ್ತು. ಹಾಡು ಮುಗಿಯುತ್ತಲೇ ಇಂಗ್ಲಿಷ್‌ನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಇದು ಜಂಬವಲ್ಲ. ತಟ್ಟೆಗಳು ಸಿದ್ಧವಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾರು ಹಾಡಿದ್ದೆಂದು ಅಲ್ಲಿನವರಿಗೆ ತಿಳಿಯಬೇಕಿತ್ತು. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಹಾಡುಗಳು ಆಕೆಯ ಹೆಸರಿನಲ್ಲಿವೆ. 1911ರ ದೆಹಲಿ ದರ್ಬಾರ್‌ನಲ್ಲಿ ಐದನೇ ಜಾರ್ಜ್ ದೊರೆಯ ಎದುರು ಜಾನಕಿ ಬಾಯಿ ಜೊತೆ ಹಾಡಿದರು.

ಹೆಸರಿನ ಜೊತೆಗೇ ವಿಲಕ್ಷಣ ಕಥೆಗಳೂ ಬೆಳೆದವು. ಬೆಕ್ಕು ಮರಿ ಹಾಕಿತೆಂದು 20 ಸಾವಿರ ರೂಪಾಯಿ ಸುರಿದು ಔತಣ ಕೊಟ್ಟರಂತೆ. ನಿಯಮ ಮೀರಿ ನಾಲ್ಕು ಕುದುರೆಯ ಸಾರೋಟಿನಲ್ಲಿ ಕಲ್ಕತ್ತಾ ಸುತ್ತಿ, ಸಾವಿರ ರೂಪಾಯಿ ದಂಡ ತೆತ್ತರಂತೆ. ನಿಜವೆಷ್ಟೋ, ಉತ್ಪ್ರೇಕ್ಷೆಯೆಷ್ಟೋ. ಇಂಥ ಸುದ್ದಿಯಿಂದ ಕಾರ್ಡ್ ಮಾರುವವರಿಗಂತೂ ನಷ್ಟವಾಗಿರಲಾರದು.

ಗಳಿಸಿದ ದುಡ್ಡು ಮಾತ್ರ ಕೈಯಲ್ಲಿ ನಿಲ್ಲಲಿಲ್ಲ. ಮದುವೆ ಮುರಿಯಿತು. ಆಸ್ತಿ ವ್ಯಾಜ್ಯಗಳು ಕೋರ್ಟ್ ಮೆಟ್ಟಿಲೇರಿದವು. ಕಲ್ಕತ್ತಾ ಬಿಟ್ಟು ಊರೂರು ಅಲೆದ ಗಾಯಕಿಗೆ ಕೊನೆಗೆ ಆಸರೆಯಾದದ್ದು ನಾಲ್ವಡಿ ಕೃಷ್ಣರಾಜ ಒಡೆಯರ್. 1928ರ ಆಗಸ್ಟ್ 1ರಂದು ಅವರು ಮೈಸೂರು ಅರಮನೆಯ ಸಂಗೀತಗಾರ್ತಿಯಾಗಿ ನೇಮಕಗೊಂಡರು.

ಆ ನೆಮ್ಮದಿ ಒಂದೂವರೆ ವರ್ಷವೂ ಬಾಳಲಿಲ್ಲ. 1930ರ ಜನವರಿ 17ರಂದು ಗೌಹರ್ ಮೈಸೂರಿನಲ್ಲೇ ತೀರಿಕೊಂಡರು. ಆಗ ಅವರಿಗೆ 56 ವರ್ಷ.